ಹೋಳೂರು ಬಸ್ ಸ್ಟಾಪಿನ ಕೊರಿಯನ್ ಮೇಡಂ

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಹೋಳೂರಿನ ಬಸ್ ತಂಗುದಾಣದಲ್ಲಿ ಪದ್ಮಶ್ರೀ ಗಂಟಲು ಹರಿಯುವಂತೆ ಕೊರಿಯನ್ ಭಾಷೆಯಲ್ಲಿ ಗದರುತ್ತಿದ್ದಾರೆ. ಎದುರಿಗೆ ಊಟದ ಡಬ್ಬಿ ಹಿಡಿದ ಹುಡುಗಿಯರು. ಡೈರಿಗೆ ಹಾಲು ಹಾಕಲು ಹೊರಟ ಅಶ್ವತ್ಥಪ್ಪ ಸೈಕಲ್ ನಿಲ್ಲಿಸುತ್ತಾರೆ.

"ಏನಮ್ಮಾ, ಬೆಳ್‌ಬೆಳಗ್ಗೆ ದೆವ್ವ ಬಂತಾ ಮೈಮೇಲೆ?"

"ದೆವ್ವ ಅಲ್ಲಪ್ಪೋ, ಸೂಪರ್‌ವೈಸರ್ರು!"

ಹೆಸರಿನಲ್ಲೇ ಪದ್ಮಶ್ರೀ ಇರುವುದರಿಂದ ಸರ್ಕಾರಕ್ಕೆ ಬೇರೆ ಕೊಡುವ ಕಷ್ಟ ತಪ್ಪಿದೆ. ಮಾಲೂರು ಕಡೆಯ ಕೊರಿಯಾದವರ ಕಾರ್ಖಾನೆಯೊಂದರ ಸ್ಟೋರಿನಲ್ಲಿ ದುಡಿಯುತ್ತಲೇ ಆ ಮಾತು ಕಲಿತವರು. ಈಗ ಅಲ್ಲಿಗೆ ಹೋಗುವ ಹುಡುಗಿಯರಿಗೆ ಕಲಿಸುತ್ತಾರೆ. ಗತಿಯಿಲ್ಲದವರ ತರಗತಿ, ಬೆಂಚಿಲ್ಲ, ಬೋರ್ಡಿಲ್ಲ. ಪಾಠವೂ ತಿರುವುಮುರುವು. ಮೇಡಂ ಕಳಿಸಿದ ವಿಡಿಯೋ ಕೇಳುತ್ತ, ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತ ಕಲಿಯುವುದು ಮನೆಯಲ್ಲಿ. ಬಾಯಿಬಿಟ್ಟು ಆಡುವುದು ಇಲ್ಲಿ, ಕಂಪನಿ ಬಸ್ಸು ಬರುವತನಕ.

ಮೊದಮೊದಲು ವಿಡಿಯೋ ಮಾತ್ರ ಇತ್ತು. ಎಲ್ಲರೂ 'ಆಲ್ಗೆಸ್ಸುಮ್ನಿದಾ', ಅಂದರೆ 'ಅರ್ಥವಾಯಿತು' ಎಂಬುದನ್ನು ಚೆನ್ನಾಗಿ ಬಾಯಿಪಾಠ ಮಾಡಿದರು. ದೊಡ್ಡವರು ಏನೇ ಹೇಳಲಿ, ಹೂಂ ಅನ್ನುವುದು ಇಲ್ಲಿನ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬಂದ ಸಿಲಬಸ್. ಪ್ರೆಸ್ ಮೆಷಿನ್ನಿನೊಳಗೆ ಕೈ ಹಾಕಬೇಡ ಎಂದು ಸೂಪರ್‌ವೈಸರ್ ಕೊರಿಯನ್ನಿನಲ್ಲಿ ಕೂಗಿದಾಗ, ಹಾಗೆ ಕಲಿತವರಲ್ಲಿ ಒಬ್ಬಳಾದ ಗಂಗಾ ಕೂಡ ನಗುತ್ತ ಅದನ್ನೇ ಅಂದಳು. ಅರ್ಥವಾಗಿರಲಿಲ್ಲ. ಕೈ ಹಾಕಿದಳು. ಎರಡು ಬೆರಳು ಹೋದವು. ಅರ್ಥವಾಯಿತು ಅಂತ ಅವಳೇ ಹೇಳಿದ್ದಾಳಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. ತೊಳೆದುಕೊಳ್ಳಲು ಅದಕ್ಕೆ ಎರಡೂ ಕೈ ನೆಟ್ಟಗಿದ್ದವು. ನ್ಯಾಯ ಕೇಳಹೋದ ಪದ್ಮಶ್ರೀಯ ಕೆಲಸವೂ ಹೋಯಿತು. ಈಗ ಕೋಲಾರದ ಮಂಡಿಯಲ್ಲಿ ಟೊಮೆಟೊ ಆರಿಸುತ್ತಾರೆ.

ಇವತ್ತು ಅದೇ ಮೆಷಿನ್ನಿನ ಮುಂದೆ ಗಂಗಾಳ ತಂಗಿ ಮೇಘನ ನಿಲ್ಲಬೇಕು. ಪದ್ಮಶ್ರೀ ಅವಳ ಮುಖಕ್ಕೆ ಮುಖ ಕೊಟ್ಟು ಸರಸರನೆ ಏನೋ ಕಿರುಚುತ್ತಾರೆ. ಮೇಘನ ನಗುತ್ತಾಳೆ. "ಆಲ್ಗೆಸ್ಸುಮ್ನಿದಾ."

"ಏನೇ ಅರ್ಥ ಆಯ್ತು? ನಾನೇನಂದೆ?"

"ಗೊತ್ತಿಲ್ಲ ಅಕ್ಕಾ."

"ಅದನ್ನೇ ಅನ್ನು ಕಣೇ! ಮೊರುಗೆಸ್ಸುಮ್ನಿದಾ, ಅರ್ಥ ಆಗ್ಲಿಲ್ಲ. ವಿಡಿಯೋದಲ್ಲಿ ಕೇಳಿದ್ಯೋ ಇಲ್ವೋ?"

"ಬರುತ್ತೆ ಅಕ್ಕಾ. ಮುಖ ನೋಡಿದ್ರೆ ನಾಚ್ಕೆ. ದಡ್ಡಿ ಅನ್ಕೊಳ್ತಾರೆ."

"ಅನ್ಕೊಳ್ಲಿ ಬಿಡೇ. ದಡ್ಡೀರಿಗೂ ಬೆರಳಿರುತ್ತೆ."

ಬಸ್ಸು ಬಂದು ನಿಲ್ಲುತ್ತದೆ. ಪದ್ಮಶ್ರೀ ಬಾಗಿಲಿಗೆ ಅಡ್ಡ ನಿಂತು ಮತ್ತೆ ಕಿರುಚುತ್ತಾರೆ. "ಟೈಮಾಯ್ತು ಮೇಡಂ, ನನ್ ಕೆಲ್ಸಾನೂ ಕಳೀಬೇಡಿ," ಡ್ರೈವರ್ ಕದಿರೇಶ್ ಹಾರ್ನ್ ಒತ್ತುತ್ತಾನೆ. ಮೇಘನಳ ಕಣ್ಣು ತುಂಬಿದೆ. ಆದರೂ ನೋಟ ತಗ್ಗುವುದಿಲ್ಲ.

"ಮೊರುಗೆಸ್ಸುಮ್ನಿದಾ."

ಪದ್ಮಶ್ರೀ ದಾರಿ ಬಿಡುತ್ತಾರೆ. ಬಸ್ಸು ಕಣ್ಮರೆಯಾಗುವ ತನಕ ನಿಂತೇ ಇರುತ್ತಾರೆ.

"ನನ್ ಮುಂದೇನೋ ಅಂದ್ಳು. ಅಲ್ಲಿ ಅಂತಾಳೋ ಇಲ್ವೋ," ಎನ್ನುತ್ತಾರೆ, ಇನ್ನೂ ಸೈಕಲ್ ಹಿಡಿದು ನಿಂತ ಅಶ್ವತ್ಥಪ್ಪನವರಿಗೆ. "ಪರೀಕ್ಷೆ ಪಾಸಾಗೋದು ಬೇಡ, ಕೊರಿಯಾ ನೋಡೋದೂ ಬೇಡ. ನಾಳೆ ಬೆಳಗ್ಗೆ ಅವ್ಳ ಜಡೆ ಅವ್ಳೇ ಹೆಣ್ಕೊಂಡು ಬಂದ್ರೆ ಸಾಕು ನಂಗೆ."