ಕಲ್ಲೂರಿನ ಸಮುದ್ರದವರು

ನನ್ನ ಮೊಮ್ಮಗಳು ಸಮುದ್ರದ ನೌಕರಿಯಲ್ಲಿದ್ದಾಳೆ. ಇದನ್ನು ನಾನು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳುತ್ತೇನೆ, ಬದನೆಕಾಯಿ ತೂಗುವವನಿಗೂ ಹೇಳುತ್ತೇನೆ. ನಾನು ಸಣ್ಣ ಇಯತ್ತೆಗೇ ಶಾಲೆ ಬಿಟ್ಟವಳು, ಸಮುದ್ರ ನೋಡಿದ್ದು ಟಿವಿಯಲ್ಲಿ ಮಾತ್ರ. ಆದರೂ ಯಾರಾದರೂ ಅವಳ ಬಗ್ಗೆ ಕೇಳಲಿ ಎಂದು ಕಾಯುತ್ತೇನೆ. ಕೇಳದಿದ್ದರೂ ಹೇಳಿಬಿಡುತ್ತೇನೆ.

ಅವಳು ಮೀನು ಹಿಡಿಯುವುದಿಲ್ಲ. ಸಮುದ್ರವನ್ನು ನಂಬಿ ಯಾರ್ಯಾರು ಬದುಕುತ್ತಾರೆ, ಅವರ ದುಡಿಮೆಯಿಂದ ನಾಡಿಗೆ ಎಷ್ಟು ಬರುತ್ತದೆ ಎಂದು ಅಳೆದು, ಅದನ್ನು ದೊಡ್ಡವರಿಗೂ ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳುವ ಕಚೇರಿಯಲ್ಲಿದ್ದಾಳೆ. ಮೊದಲು ನನ್ನ ತಲೆಗೂ ಹತ್ತಿರಲಿಲ್ಲ. ಕರಾವಳಿಯ ಕಚೇರಿಯಿಂದ ರಜೆಗೆ ದೇವದುರ್ಗದ ತನ್ನ ಮನೆಗೆ ಬಂದವಳು ನನ್ನನ್ನು ನೋಡಲು ಮಾನ್ವಿಗೆ ಬಂದಾಗ ರೊಟ್ಟಿ ಬಡಿಯುತ್ತಾ ಕೇಳಿದೆ.

"ದೋಣ್ಯಾಗ ಕುಂತವರನ್ನ ಎಣಿಸಿದ್ರ ಮುಗೀತಲ್ಲ?"

"ಅಲ್ಲೇ ತಪ್ಪೋದು ಯವ್ವಾ. ಬರ್ಫ ಒಡಿಯೋರು, ಬುಟ್ಟಿ ಹೊರೋರು, ಬಲಿ ಹೊಲಿಯೋರು, ಮೀನು ಆರಿಸೋ ಹೆಣ್ಣುಮಕ್ಕಳು, ಇವರ್ಯಾರೂ ದೋಣಿ ಹತ್ತಂಗಿಲ್ಲ. ಅದಕ್ಕ ಲೆಕ್ಕಕ್ಕ ಬರಂಗಿಲ್ಲ. ನಾಳೆ ಗಾಳಿ ಬಂದು ಬಂದರ ಮುಚ್ಚಿದ್ರ, ಇವರಿಗೂ ಏನರ ಕೊಡಬೇಕು ಅಂತ ಯಾರಿಗೂ ನೆನಪಾಗಂಗಿಲ್ಲ."

ಈ ಸಲ ಮಳೆಗಾಲದಲ್ಲಿ ಅವಳು ಬಂದದ್ದು ಹಬ್ಬಕ್ಕಲ್ಲ. ಬಂದರಿನ ಕೂಲಿಯವರಲ್ಲಿ ರಾಯಚೂರು ಕಡೆಯವರು ಬಹಳ ಮಂದಿ ಇದ್ದಾರೆ ಎಂದು ಕಚೇರಿಯಲ್ಲಿ ಹೇಳಿದ್ದಳಂತೆ. ನಮ್ಮ ಮಾತಿನ ಧಾಟಿ ಅಲ್ಲಿ ಅವಳ ಕಿವಿಗೆ ಬಿದ್ದಿತ್ತು. ಆದರೆ ಕಚೇರಿಯವರು ಎಣಿಕೆ ಮಾಡಿದ್ದು ಮಳೆಗಾಲದಲ್ಲಿ, ದೋಣಿಗಳು ದಡದಲ್ಲಿ ನಿಂತಿದ್ದಾಗ. ಆಗ ನಮ್ಮವರು ಊರಿಗೆ ಬಂದು ಗದ್ದೆಯ ಕೆಸರಿನಲ್ಲಿರುತ್ತಾರೆ. "ಹಾಗಿದ್ದರೆ ಊರಿಗೇ ಹೋಗಿ ಹುಡುಕು. ಸಿಕ್ಕರೆ ವರದಿಗೆ ಸೇರಿಸೋಣ, ಸಿಗದಿದ್ದರೆ ಆ ಮಾತು ಬಿಟ್ಟುಬಿಡೋಣ" ಎಂದಿದ್ದರು ಮೇಲಿನವರು. ರಾಯಚೂರಿನಲ್ಲಿ ಸಭೆಯೂ ನಿಗದಿಯಾಗಿತ್ತು. ಅಲ್ಲಿ ಅವಳೇ ಎದ್ದು ನಿಂತು ಹೇಳಬೇಕು.

ಕಲ್ಲೂರು ನನ್ನ ತವರು. ಅವಳ ಜೊತೆ ನಾನೂ ಹೊರಟೆ. ಬಾಗಿಲಿಗೆ ಹೋದಲ್ಲೆಲ್ಲ ಚಹಾ ಸಿಕ್ಕಿತು, ಉತ್ತರ ಸಿಗಲಿಲ್ಲ.

"ಏನ್ ಕೆಲಸ ಮಾಡ್ತೀರಿ ಅಣ್ಣಾ?" ಎಂದು ಅವಳು ಕೇಳಿದರೆ, ಆತ ಬಾಯಿ ತೆರೆಯುವ ಮೊದಲೇ ಮನೆಯ ಹಿರಿಯರು "ಒಕ್ಕಲುತನ ರೀ" ಎನ್ನುತ್ತಿದ್ದರು. ನಮ್ಮ ಕಡೆ ಪದ್ಧತಿಯೇ ಹಾಗೆ. ಕೆಲಸ ಕೇಳಿದರೆ ಮನುಷ್ಯನ ಕೆಲಸ ಹೇಳುವುದಿಲ್ಲ, ಮನೆತನದ ಕೆಲಸ ಹೇಳುತ್ತಾರೆ. ಮಗ ಯಾವ ದಿಕ್ಕಿಗೆ ಹೋಗಿ ಏನೇ ಮಾಡಲಿ, ಮನೆ ಹೊಲದ್ದಾದರೆ ಅವನೂ ಹೊಲದವನೇ.

"ಮತ್ತ ಮಳಿ ಮುಗಿದ ಮ್ಯಾಲ?"

"ದುಡಿಯಾಕ ಹೋಗ್ತಾನ. ಕಂಪನಿ."

"ಎಂಥಾ ಕಂಪನಿ?"

"ಕಂಪನಿ ಅಂದ್ರ ಕಂಪನಿ, ತಂಗಿ. ಚಹಾ ಕುಡೀರಿ, ಆರತದ."

ಹಣೆಯ ತುಂಬ ವಿಭೂತಿ, ಬೆನ್ನ ಹಿಂದೆ ದೇವರ ಜಗಲಿ. ಅಂಥಲ್ಲಿ ಕೂತು ಮೀನಿನ ಹೆಸರು ಎತ್ತುವುದು ಯಾರಿಗೆ ಬಂದೀತು? ಕೂಲಿಯವರ ಓಣಿಯಲ್ಲೂ ಅಷ್ಟೇ, "ಕೂಲಿ" ಎಂಬ ಒಂದೇ ಮಾತು.

ಹೊತ್ತು ಇಳಿಯುವಾಗ ನನ್ನ ತಮ್ಮನ ಮನೆಯ ಕಟ್ಟೆಯ ಮೇಲೆ ಅವಳು ಕುಸಿದು ಕೂತಳು. "ಯವ್ವಾ, ನಾ ಹೇಳಿದ್ದು ಸುಳ್ಳಾಗ್ತದ. ಅಷ್ಟು ಮಂದಿ ಅದಾರ, ಒಬ್ಬರೂ ಇಲ್ಲ ಅಂತ ಹೋಗಿ ಹೇಳಬೇಕು ನಾನು" ಎಂದಳು.

ಅಷ್ಟರಲ್ಲಿ ಓಣಿಯ ಹೆಂಗಸರು ಅವಳನ್ನು ನೋಡಲು ಬಂದು ಕೂತರು. ಒಬ್ಬಾಕೆ ಕೇಳಿಯೇಬಿಟ್ಟಳು: "ಅಕ್ಕಾ, ನಿನ್ನ ಮೊಮ್ಮಗಳದು ಏನ್ ನೌಕರಿ?"

ದೇವರೇ, ಎಂಥ ಸಂಕಟದಲ್ಲೂ ಆ ಪ್ರಶ್ನೆ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ.

"ಸಮುದ್ರದ್ದು ಬೇ! ಮೀನಿನ ಬಂದರದಾಗ ಹೋಗಿ ನಿಂದರ್ತಾಳ, ಕಾಲಾಗ ಮೀನಿನ ನೀರು ಹರೀತಿರ್ತದ. ಆಕಿ ಓಢಣಿ ನಾನ ಒಗದೀನಿ. ಏನ್ ವಾಸನಿ ಅಂತಿ! ಮೂರು ಸಲ ಸಾಬೂನು ಹಚ್ಚಿದ್ರೂ ಬಿಡವಲ್ದು!"

ಮೊಮ್ಮಗಳು ನನ್ನ ಸೆರಗು ಜಗ್ಗಿದಳು. "ಯವ್ವಾ, ಸಾಕು."

"ಯಾಕ ಸಾಕು? ಮೈಮ್ಯಾಲ ಲಿಂಗ ಇಟ್ಕೊಂಡ ಹೇಳಾಕತ್ತೀನಿ. ದುಡಿದು ಬಂದು ಜಳಕ ಮಾಡಿದ್ರ ಆತು."

"ನೋಡ್ರೇ, ಕೊರಳಾಗ ಲಿಂಗ, ಬಾಯಾಗ ಮೀನು!" ಎಂದಳು ಒಬ್ಬಾಕೆ.

"ಬಾಯಾಗ ಮಾತಷ್ಟ ಬಂದದ, ಮೀನು ಇನ್ನ ಹೋಗಿಲ್ಲ!" ಎಂದೆ. ನನ್ನ ತಮ್ಮನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಎಲ್ಲರೂ ನಕ್ಕರು.

ನಗು ತಗ್ಗಿದ ಮೇಲೆ ಪಕ್ಕದ ಮನೆಯ ಮುದುಕಿ ಗಂಟಲು ಸರಿಮಾಡಿಕೊಂಡಳು. ಮುಂಜಾನೆ ನಮಗೆ ಚಹಾ ಆರುತ್ತದೆ ಎಂದಿದ್ದು ಅವಳ ಮನೆಯಲ್ಲೇ. "ಹಂಗಾರ ನಮ್ಮ ಅಳಿಯನೂ ಅಲ್ಲೇ ದುಡೀತಾನ. ಬಲಿ ಹೊಲಿತಾನ."

"ಯವ್ವಾ!" ಎಂದು ಅವಳ ಮಗಳು ಗದರಿದಳು.

"ಏನ್ ಯವ್ವಾ? ಇವರ ಮನ್ಯಾಗ ಹೇಳಾಕ ಬರ್ತದ, ನಮ್ಮ ಮನ್ಯಾಗ ಬರಂಗಿಲ್ಲೇನು?"

ಆ ಅಳಿಯ ಮೊದಲು ರಾಯಚೂರಿನ ಅಕ್ಕಿ ಗಿರಣಿಯಲ್ಲಿ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದನಂತೆ. ಬಂದರಿಗೆ ಕೂಲಿಗೆ ಹೋದಾಗ ಅವನ ಕೈಚಳಕ ಕಂಡ ದೋಣಿಯವರೊಬ್ಬರು ಹರಿದ ಬಲೆ ಕೊಟ್ಟು ನೋಡಿದರಂತೆ. ಆಮೇಲೆ ಬಿಡಲೇ ಇಲ್ಲ. ಇಷ್ಟು ಹೊರಬಿದ್ದಿದ್ದೇ ತಡ, "ನಮ್ಮಾಂವ ಬರ್ಫದಾಗ", "ನನ್ನ ಸೊಸಿ ಸಿಗಡಿ ಸುಲಿತಾಳ, ಯಾರಿಗೂ ಹೇಳಬ್ಯಾಡಂದಾಳ" ಎಂದು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಮೊಬೈಲಿನ ಮೇಲೆ ಮೊಮ್ಮಗಳ ಬೆರಳು ಎಷ್ಟು ಓಡಿದರೂ ಸಾಲಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತೆ, ಬಲು ಕಷ್ಟದಿಂದ.

ಮರುದಿನದಿಂದ ಅವಳು ಪ್ರಶ್ನೆಯನ್ನೇ ಬದಲಿಸಿದಳು. ಕೆಲಸ ಏನು ಎನ್ನುವುದನ್ನು ಬಿಟ್ಟಳು. "ನಾ ಬಂದರದಾಗ ಇರ್ತೀನ್ರಿ. ಮಳಿ ನಿಂತ ಮ್ಯಾಲ ನೀವೂ ಆ ಕಡಿ ಬರ್ತೀರೇನು? ಅಲ್ಲಿ ಕೈಯಾಗ ಏನ್ ಹಿಡೀತೀರಿ?" ಎಂದು ಕೇಳತೊಡಗಿದಳು. ಮಾನ್ವಿ ಸುತ್ತಲೂ ದೇವದುರ್ಗದ ಹಳ್ಳಿಗಳಲ್ಲೂ ಜನ ಕೈ ತೋರಿಸಿ ತೋರಿಸಿ ಹೇಳಿದರು. ಆದರೆ ಯಾರ ಹೆಸರನ್ನೂ ಸಭೆಯಲ್ಲಿ ಎತ್ತುವುದಿಲ್ಲ ಎಂದು ಅವಳು ಮಾತು ಕೊಡಬೇಕಾಯಿತು.

ರಾಯಚೂರಿನ ಸಭೆಯಲ್ಲಿ ಅದೇ ಕಷ್ಟಕ್ಕೆ ಬಂತು. ಅವಳು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದಳು: ಒಂದು ಬುಟ್ಟಿ ಮೀನು ತಟ್ಟೆಗೆ ಬರುವುದರೊಳಗೆ ಎಷ್ಟು ಕೈ ದಾಟುತ್ತದೆ, ಅದರಲ್ಲಿ ನಮ್ಮ ಜಿಲ್ಲೆಯ ಕೈ ಯಾವುವು ಎಂದು. ಮುಂದಿನ ಸಾಲಿನಲ್ಲಿ ಕರಾವಳಿಯಿಂದ ಬಂದ ಅವಳ ಕಚೇರಿಯ ಸಾಹೇಬರು ಕೈಕಟ್ಟಿ ಕೂತಿದ್ದರು; ಹಿಂದೆ ನಾನೂ ಇದ್ದೆ, ಅವಳು ಕರೆದಿದ್ದ ಹಳ್ಳಿಯವರೂ ಇದ್ದರು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಎದ್ದರು.

"ತಂಗಿ, ಎರಡು ಹೊಳಿ ನಡುವಿನ ಜಿಲ್ಲೆ ಇದು. ಇಲ್ಲಿ ಸಮುದ್ರದವರು ಎಲ್ಲಿ ಅದಾರ? ಒಬ್ಬರನ್ನರ ತೋರಿಸು ನೋಡೋಣ."

ಹೆಸರು ಹೇಳುವಂತಿಲ್ಲ. ಅವಳು ಮತ್ತೆ ಪರದೆಯ ಚಿತ್ರದತ್ತಲೇ ಕೈ ತೋರಿಸಿದಳು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಲ್ಲೂರಿನ ಆ ಅಳಿಯ ಎದ್ದು ನಿಂತಿದ್ದ.

"ನಾ ಅದೀನ್ರಿ ಸಾವಕಾರ್ರ. ನಿಮ್ಮ ಗಿರಣ್ಯಾಗ ಚೀಲ ಹೊಲಿತಿದ್ದೆ. ಈಗ ಬಲಿ ಹೊಲಿತೀನಿ. ಬಲಿ ಹರದ್ರ ದೋಣಿ ಹೋಗಿ ಏನ್ ಮಾಡ್ತದ್ರಿ?"

ಸಾಹುಕಾರರು ಅವನನ್ನೇ ದಿಟ್ಟಿಸಿದರು. "ಲೇ, ನೀನೇನೋ! ಅದಕ್ಕ ನೋಡು ನಮ್ಮ ಚೀಲ ಈಗ ಸೋರಾಕತ್ಯಾವ!"

ಸಭೆಯೆಲ್ಲ ನಕ್ಕಿತು. ನಗುವಿನ ನಡುವೆಯೇ ಒಬ್ಬಳು ಹೆಂಗಸು ಎದ್ದಳು, ಆಮೇಲೆ ಇಬ್ಬರು ಗಂಡಸರು, ಆಮೇಲೆ ಆ ಬದಿಯ ಸಾಲೇ ಎದ್ದಿತು. ಸಾಹೇಬರು ಕಟ್ಟಿದ ಕೈ ಬಿಟ್ಟು, ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ನೋಡಿದರು. ಇವರನ್ನು ವರದಿಯಲ್ಲಿ ಸೇರಿಸುತ್ತೇವೆ, ಮುಂದಿನ ಎಣಿಕೆ ದೋಣಿ ನೀರಿಗಿಳಿದ ಮೇಲೆಯೇ ಎಂದು ಮೈಕಿನಲ್ಲೇ ಹೇಳಿದರು.

ಹೊರಗೆ ಬಂದು ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಮಿರ್ಚಿಯ ಬಂಡಿಯ ಮುಂದೆ ನಿಂತೆವು. ಹಿಂದಿನ ದಿನದಿಂದ ಅವಳ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಈಗ ಗಬಗಬ ತಿಂದಳು, ಕಣ್ಣಲ್ಲಿ ನೀರು, ಖಾರಕ್ಕೋ ಏನೋ.

"ಇನ್ನೊಂದು ಪ್ಲೇಟ್ ಹೇಳಲೇನು?" ಎಂದೆ.

"ಹೇಳು ಯವ್ವಾ" ಎಂದಳು, ತುಂಬಿದ ಬಾಯಲ್ಲೇ.