ಮೂರನೆಯ ಡಬ್ಬಿ

ಇಪ್ಪತ್ತು ವರ್ಷ ಮನೆಯಲ್ಲಿ ಬಿಯರ್ ಮಾಡಿದ್ದೇನೆ. ಯಾವಾಗಲೂ ಮಾಲ್ಟನ್ನೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳನ್ನೇ, ಬಿಸಿನೀರಿನಲ್ಲಿ ನೆನೆಸಿ, ರಸ ಬಸಿದು ಮಾಡಿದ್ದು. ಆ ರಸವನ್ನು ಜೇನಿನಂತೆ ಗಟ್ಟಿ ಮಾಡಿ ಡಬ್ಬಿಯಲ್ಲಿ ತುಂಬಿಯೂ ಮಾರುತ್ತಾರೆ. ಅದು ಮಾಲ್ಟ್ ಎಕ್ಸ್‌ಟ್ರಾಕ್ಟ್. ನಾನು ಅದನ್ನು ಇನ್‌ಸ್ಟಂಟ್ ಕಾಫಿ ಎಂದು ಹಂಗಿಸುತ್ತಿದ್ದೆ. ಹೆಂಡತಿ ಮೈಸೂರಿನವಳು, ಫಿಲ್ಟರ್ ಕಾಫಿ ಬಿಟ್ಟು ಬೇರೆ ಮುಟ್ಟದವಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಈ ಸಲ ಹರ್ನಿಯಾ ಆಪರೇಷನ್ ಆಯಿತು. ಎರಡು ತಿಂಗಳು ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದರು. ನೆನೆದ ಕಾಳಿನ ಚೀಲವನ್ನೂ ಮೂವತ್ತು ಲೀಟರಿನ ಪಾತ್ರೆಯನ್ನೂ ಮುಟ್ಟುವಂತಿರಲಿಲ್ಲ. ಮಗಳ ಮದುವೆಗೆ ಐದೇ ವಾರ ಉಳಿದಿತ್ತು. ಅವಳು ನನ್ನಿಂದ ಕೇಳಿದ್ದು ಒಂದೇ: "ಎವ್ರಿ ಟೇಬಲ್, ಅಪ್ಪನ ಬಿಯರ್." ಹುದುಗಲು ಎರಡು ವಾರ, ಬಾಟಲಿಯಲ್ಲಿ ಎರಡು ವಾರ. ಕೆಟ್ಟರೆ ಮತ್ತೊಮ್ಮೆ ಮಾಡಲು ಸಮಯವಿಲ್ಲ. ಎತ್ತಲು ಯಾರನ್ನಾದರೂ ಕರೆಯಿರಿ ಎಂದಳು ಹೆಂಡತಿ. ನನ್ನ ಕೆಲಸದಲ್ಲಿ ಇನ್ನೊಬ್ಬರ ಕೈ ನನಗೆ ಒಗ್ಗುವುದಿಲ್ಲ. ಡಬ್ಬಿ ತಂದೆ. ಲೆಕ್ಕಕ್ಕೆ ಎರಡು, ಇರಲಿ ಎಂದು ಇನ್ನೊಂದು.

ಮೊದಲು ವಾಯುಪಡೆ, ಆಮೇಲೆ ಲಂಡನ್ನಿನ ಹೀಥ್ರೂದಲ್ಲಿ ವಿಮಾನ ರಿಪೇರಿ. ಪಟ್ಟಿ ನೋಡದೆ ಒಂದು ಸ್ಕ್ರೂ ತಿರುಗಿಸಿದವನಲ್ಲ ನಾನು. ಅಲ್ಲೇ ಹತ್ತಿರ, ಫೆಲ್ಥಮ್ಮಿನ ನಮ್ಮ ಅಡುಗೆಮನೆಯ ಫ್ರಿಜ್ಜಿನ ಮೇಲೂ ಬಿಯರಿನ ಪಟ್ಟಿ ಇದೆ. ಕಾಳು ನೆನೆಸುವ ಸಾಲುಗಳನ್ನು ಹೊಡೆದುಹಾಕಿ ಶನಿವಾರ ಹತ್ತು ಗಂಟೆಗೆ ಶುರುಮಾಡಿದೆ. ಹತ್ತು ಲೀಟರ್ ನೀರಿಗೆ ಎರಡು ಡಬ್ಬಿಯ ಪಾಕ ಕರಗಿಸಿ, ಕಹಿ ಕೊಡುವ ಹಾಪ್ಸ್ ಹೂ ಹಾಕಿ ಒಂದು ಗಂಟೆ ಕುದಿಸಿ ಆರಿಸಿದೆ. ಪಾತ್ರೆ ಎತ್ತುವಂತಿಲ್ಲವಲ್ಲ, ನೆಲದ ಮೇಲಿನ ಬಕೆಟ್ಟಿಗೆ ಜಗ್ಗಿನಲ್ಲಿ ತುಂಬಿದೆ. ಅದರ ಮೇಲೆ ಕುದಿಸಿ ಆರಿಸಿದ ಹತ್ತು ಲೀಟರ್ ನೀರು, ಅದೂ ಜಗ್ಗಿನಲ್ಲೇ, ಹೊಟ್ಟೆಯ ಹೊಲಿಗೆ ಎಳೆಯದಂತೆ ಮೆಲ್ಲಗೆ.

ಮೇಲಿನಿಂದ ಒಂದಿಷ್ಟು ರಸ ತೆಗೆದು, ಸಿಹಿ ಅಳೆಯುವ ಹೈಡ್ರೋಮೀಟರನ್ನು ಅದರಲ್ಲಿ ತೇಲಿಬಿಟ್ಟೆ. ಬರೀ ನೀರಿಗೆ ಅದು 1000 ತೋರಿಸುತ್ತದೆ. 1045 ಬರಬೇಕಿತ್ತು. 1022 ಬಂತು.

ಗಾಜು ತೊಳೆದು ಮತ್ತೆ ಅಳೆದೆ. 1022. ಡಬ್ಬಿಗಳ ಒಳಗೆ ನೋಡಿದೆ, ಕೆರೆದು ತೆಗೆದಿದ್ದೆ. ಪಟ್ಟಿಯ ಎಲ್ಲ ಸಾಲಿಗೂ ಗುರುತು ಬಿದ್ದಿತ್ತು. ಕಣ್ಣೆದುರಿಗೆ ಮಗಳ ಮದುವೆಯ ಟೇಬಲ್ಲುಗಳು, ಅವುಗಳ ಮೇಲೆ ಅಕ್ಕಿ ತೊಳೆದ ನೀರಿನಂಥ ಬಿಯರ್. ಇನ್ನೂ ಒಂದು ಡಬ್ಬಿ ಸುರಿಯುವುದೆಂದು ತೀರ್ಮಾನಿಸಿದೆ. ಲೆಕ್ಕ ತಪ್ಪಿ ಸಿಹಿ ಹೆಚ್ಚಾದರೆ ಎರಡು ವಾರದಲ್ಲಿ ಹುದುಗುವುದು ಮುಗಿಯುವುದಿಲ್ಲ. ಮುಗಿಯದ್ದನ್ನು ತುಂಬಿದರೆ ಬಾಟಲಿ ಸಿಡಿಯುತ್ತದೆ. ಅದೂ ಗೊತ್ತಿತ್ತು. ಆದರೂ ಡಬ್ಬಿ ತೆರೆದೆ.

ಅಷ್ಟರಲ್ಲಿ ಹೆಂಡತಿ ಬಂದಳು. "ಏನ್ರೀ, ಎರಡೇ ಡಬ್ಬಿ ಅಂದಿದ್ರಿ?"

"ರಸ ತೆಳ್ಳಗಾಗಿದೆ. ಅರ್ಧಕ್ಕರ್ಧ."

"ಹಾಕಿದ್ದೆಲ್ಲ ಎಲ್ಲಿಗೆ ಹೋಯ್ತು ಹಾಗಾದ್ರೆ?"

"ಅದೇ ಗೊತ್ತಾಗ್ತಿಲ್ಲ ಮಾರಾಯ್ತಿ. ಪಟ್ಟಿಯಲ್ಲಿರೋದೆಲ್ಲ ಮಾಡಿದೀನಿ." ಡಬ್ಬಿಯನ್ನು ಬಕೆಟ್ಟಿನ ಮೇಲೆ ಬಗ್ಗಿಸಿದೆ.

"ಕಲಕಿದ್ರಾ?"

ಕಂದು ಪಾಕ ಡಬ್ಬಿಯ ಅಂಚು ದಾಟಿ ಹಗ್ಗದಂತೆ ಇಳಿಯತೊಡಗಿತ್ತು. ನಾನು ಡಬ್ಬಿ ನೆಟ್ಟಗೆ ಮಾಡಿದರೂ ಅದು ನಿಲ್ಲಲಿಲ್ಲ. ಬಕೆಟ್ಟಿನ ರಸಕ್ಕೆ ಇನ್ನು ಗೇಣು ದೂರ ಉಳಿದಾಗ ಅವಳು ಸಿಂಕಿನ ಪಕ್ಕದ ತಟ್ಟೆ ಎಳೆದು ಅಡ್ಡ ಹಿಡಿದಳು.

"ಇನ್‌ಸ್ಟಂಟ್ ಕಾಫಿನೂ ಕಲಕ್ಬೇಕು ಕಣ್ರೀ."

ಇಪ್ಪತ್ತು ವರ್ಷವೂ ತುಂಬಿದ ಪಾತ್ರೆಯನ್ನು ಎತ್ತಿ ಮೇಲಿನಿಂದ ಸುರಿದಿದ್ದೇನೆ, ಆ ರಭಸಕ್ಕೇ ಎಲ್ಲ ಬೆರೆಯುತ್ತಿತ್ತು. ಮೇಲೆ ನೀರು ಬೆರೆಸುವ ಪ್ರಮೇಯವೇ ಇರಲಿಲ್ಲ. ಹಾಗಾಗಿ ಕಲಕುವುದು ನನ್ನ ಪಟ್ಟಿಯಲ್ಲೇ ಇಲ್ಲ. ಗಟ್ಟಿ ರಸ ತಳದಲ್ಲಿ ಕೂತಿರಬೇಕು, ನಾನು ಅಳೆದದ್ದು ಮೇಲಿನ ನೀರನ್ನು. ಕನಿಷ್ಠ, ಹಾಗಿರಲಿ ಎಂದು ಆಸೆಪಟ್ಟೆ.

ಸೌಟಿಗೆ ಕೈ ಹಾಕಿದವಳನ್ನು ತಡೆದೆ. ಕುದಿಸದ ಸೌಟು ಬಕೆಟ್ಟಿಗೆ ಇಳಿಯಕೂಡದು, ಬಿಯರ್ ಹುಳಿಯುತ್ತದೆ. ಸೌಟನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿದೆ. ಆಮೇಲೆ ತಳ ಮುಟ್ಟುವಂತೆ ಕಲಕಿದೆ, ಮತ್ತೆ ರಸ ತೆಗೆದೆ. ಗಾಜಿನ ಕಡ್ಡಿ ಮೇಲೆದ್ದಿತು, ತೂಗಾಡಿತು, ನಿಂತಿತು.

1045.

ಯೀಸ್ಟ್ ಹಾಕಿ ಮುಚ್ಚಳ ಒತ್ತಿದೆ. ಪಟ್ಟಿಯಲ್ಲಿ ಪೆನ್ಸಿಲ್ಲಿನಿಂದ ಒಂದು ಸಾಲು ಸೇರಿಸಿದೆ. ಹೆಂಡತಿ ತಟ್ಟೆಯ ಪಾಕವನ್ನು ಬೆರಳಲ್ಲಿ ನೆಕ್ಕುತ್ತಾ ಮಗಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಈಸ್ ಇಟ್ ಓಕೆ, ಅಪ್ಪಾ?"

"ನಲವತ್ತು ಬಾಟಲಿ," ಎಂದೆ. "ಟೇಬಲ್ ಎಷ್ಟು ಅಂತ ಸರಿಯಾಗಿ ಹೇಳು."