ಮೈದುನನ ಸಾಹೇಬೀ ಕತ್ತಿ

ಕುಂಥುನಾಥ ನನ್ನ ಮೈದುನ. ನಾನು ಗಡಹಿಂಗ್ಲಜದ ಹೆಣ್ಣು, ಮೈದುನನನ್ನು ಕಾಡಿಸುವುದು ಅತ್ತಿಗೆಯ ಹಕ್ಕು ಎಂದು ನಂಬಿದವಳು. ಅವನೂ ಅದಕ್ಕೆ ಬೇಕಾದಷ್ಟು ಆಸ್ಪದ ಕೊಡುತ್ತಿದ್ದ. ಇಚಲಕರಂಜಿಯಲ್ಲಿ ಅವನದು ನೂಲಿನ ಅಂಗಡಿ, ನಾಲಗೆ ಮಾತ್ರ ಖಾರದ್ದು. ಮನಸ್ಸು ಬೆಣ್ಣೆ ಎಂದು ಅವನ ಹೆಂಡತಿ ರಾಜಮತಿ ಹೇಳುತ್ತಿದ್ದಳು. ಇರಬಹುದು. ಆದರೆ ಆ ಬೆಣ್ಣೆ ಕರಗುವಷ್ಟರಲ್ಲಿ ಎದುರಿನವರ ಬಾಯಿ ಉರಿದುಹೋಗಿರುತ್ತಿತ್ತು.

ಅದು ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಇಪ್ಪತ್ತು ವರ್ಷದಿಂದ ಪ್ರತಿ ರವಿವಾರ ಓಣಿಯ ಕ್ಷೌರಿಕ ಮಲ್ಲಾರಿ ಬಂದು ನಮ್ಮ ಕಟ್ಟೆಯ ಮೇಲೆ ಮೈದುನನ ಗಡ್ಡ ಹೆರೆಯುತ್ತಿದ್ದ. ವಯಸ್ಸಾಗಿ ಮಲ್ಲಾರಿಯ ಕೈ ಸಣ್ಣಗೆ ನಡುಗುವುದು ಓಣಿಗೆಲ್ಲ ಗೊತ್ತಿತ್ತು, ಯಾರೂ ಆಡಿ ತೋರಿಸಿರಲಿಲ್ಲ. ಒಂದು ರವಿವಾರ ಗದ್ದಕ್ಕೆ ಗೀರು ಬಿತ್ತು. ಮೈದುನ ಎದ್ದು ನಿಂತು, ಹತ್ತು ಮನೆಗೆ ಕೇಳುವಂತೆ, “ಕೈ ನಡಗತೈತಿ ನಿಂದು, ಇನ್ನ ಮನ್ಯಾಗ ಕುಂಡ್ರು. ನನ್ನ ಗಡ್ಡ ನಾನ ಮಾಡ್ಕೋತೇನಿ” ಎಂದುಬಿಟ್ಟ. ಮಲ್ಲಾರಿ ತನ್ನ ಚೀಲ ಕಟ್ಟಿಕೊಂಡು ಹೋದ. ಎರಡು ವಾರದಲ್ಲಿ ಉಳಿದ ಮನೆಗಳವರೂ ಅವನನ್ನು ಕರೆಯುವುದು ಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈದುನನಿಗೆ ಮರುದಿನವೇ ಕೆಡುಕೆನಿಸಿತು, ಊಟ ಸೇರದಾಯಿತು. ಆದರೆ ತಪ್ಪಾಯಿತು ಎನ್ನಲು ಗತ್ತು ಬಿಡಬೇಕಲ್ಲ? ಅದಕ್ಕಿಂತ ಒಂದು ಕತ್ತಿ ಕೊಳ್ಳುವುದೇ ಸುಲಭ ಅನ್ನಿಸಿರಬೇಕು.

ನೂಲಿನ ಕೆಲಸಕ್ಕೆಂದು ಕೊಲ್ಲಾಪುರಕ್ಕೆ ಹೋದವನು ಹಳೆ ಸಾಮಾನು ಮಾರುವವನಿಂದ ಮಡಚುವ ಕ್ಷೌರದ ಕತ್ತಿಯೊಂದನ್ನು ತಂದ. “ಅಹೋ ಶೇಟ್, ಸಾಹೇಬಾಚಾ ವಸ್ತರಾ ಆಹೇ” ಎಂದಿದ್ದನಂತೆ ಮಾರಿದವನು, ಬಿಳಿ ಸಾಹೇಬನ ಕತ್ತಿಯಿದು ಎಂದು ಮರಾಠಿಯಲ್ಲಿ. ಆ ಸಾಹೇಬ ಗಡ್ಡ ಬಿಟ್ಟು ಎಷ್ಟು ಕಾಲವಾಗಿತ್ತೋ, ಅಲಗಿನ ತುಂಬ ತುಕ್ಕು. ರಾಜಮತಿ ಹೊಸ್ತಿಲಲ್ಲೇ ತಡೆದಳು.

“ಹಿಡಿ ಎಲುಬಿಂದ ಐತಿ. ಒಳಗ ತರಬ್ಯಾಡ್ರಿ. ಇದು ಜೈನರ ಮನಿ.”

ಮೈದುನ ಕಟ್ಟೆಯ ಮೇಲೆಯೇ ಕುಳಿತು ಹಿಡಿ ಕಿತ್ತು ಒಗೆದ. ಮಗ್ಗದ ಮುರಿದ ಲಾಳಿಯ ಕಟ್ಟಿಗೆ ಸೀಳಿ ಹೊಸ ಹಿಡಿ ಕೆತ್ತಲು ಎಂಟು ದಿನ ಹಿಡಿಯಿತು. ಇಟ್ಟಂಗಿ ಪುಡಿಗೆ ಎಣ್ಣೆ ಕಲಸಿ ಅಲಗನ್ನು ತಿಕ್ಕಿದ. ತುಕ್ಕು ಹೋಯಿತು, ಇದ್ದ ಚೂರುಪಾರು ಹರಿತವೂ ಹೋಯಿತು. ಕಲ್ಲಿಗೆ ಮಸೆದ. ಮಸೆದ ಮೇಲೆ ಚರ್ಮದ ಪಟ್ಟಿಗೆ ತಿಕ್ಕಬೇಕು, ಆದರೆ ಎಲುಬೇ ಬೇಡವೆಂದ ಮನೆಗೆ ಚರ್ಮ ಬಂದೀತೆ? ತಲೆ ಓಡಿಸಿ ಮಂಚಕ್ಕೆ ಹೆಣೆದ ನವಾರದ ಪಟ್ಟಿಗೆ ತಿಕ್ಕಿದ. ಬೆನ್ನು ಮುಂದೆ ಮಾಡಿ ಎಳೆಯಬೇಕಾದ ಕತ್ತಿಯನ್ನು ಬಾಯಿ ಮುಂದೆ ಮಾಡಿ ನೂಕಿದ. ಒಂದು ಕೂದಲೂ ಕಡಿಯದ ಕತ್ತಿ ನಮ್ಮ ಮಾವನವರ ಮಂಚದ ನವಾರವನ್ನು ಕಚಕ್ಕನೆ ಎರಡು ತುಂಡು ಮಾಡಿತು.

“ವಹಿನಿ, ನಗಬ್ಯಾಡ್ರಿ” ಎಂದ ಅತ್ತಿಗೆಯಾದ ನನಗೆ.

“ನಗೂದಿಲ್ಲಪಾ. ಮುನಿಗಳು ಕೈಲೇ ಕೂದಲ ಕಿತ್ತಕೋತಾರ. ನೀನೂ ಕೇಶಲೋಚ ಮಾಡ್ಕೊ, ಪುಣ್ಯಾನರ ಬರ್ತೈತಿ.”

ಮುಂದಿನ ರವಿವಾರ ಅವನ ಮುಖ ನೋಡುವ ಹಾಗಿರಲಿಲ್ಲ. ಗಡ್ಡ ಅರ್ಧ ಹಾಗೇ ಇತ್ತು, ಗಾಯಗಳಿಗೆ ಅಂಗಡಿಯ ಹತ್ತಿ ಅಂಟಿಸಿಕೊಂಡಿದ್ದ. ನನಗೂ ಅಯ್ಯೋ ಅನ್ನಿಸಿತು. “ಕತ್ತಿ ತಗೊಂಡು ಮಲ್ಲಾರಿ ಕಡೆ ಹೋಗು” ಎಂದೆ. “ಹೆಂಗ ಮಸೀಬೇಕಂತ ಕೇಳು. ಉಳದ ಮಾತು ತಾನ ಬರ್ತೈತಿ.”

ಹೋದ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ. ಮಲ್ಲಾರಿ ಇವನ ಮುಖ ನೋಡಲಿಲ್ಲವಂತೆ, ಕತ್ತಿಯನ್ನು ಮಾತ್ರ ನೋಡಿದನಂತೆ. “ಬೆನ್ನ ಎತ್ತಿ ಮಸದೀರಿ, ಅದಕ್ಕ ಹಿಂಗಾಗೈತಿ” ಎಂದು ತನ್ನ ಕಲ್ಲು ತೆಗೆದು, ಅಲಗನ್ನು ಅಡ್ಡ ಮಲಗಿಸಿ ತಾನೇ ಮಸೆದುಕೊಟ್ಟ. ಕೆಲಸ ಮುಗಿದಾಗ ಮೈದುನ ನೆಲ ನೋಡುತ್ತ, “ತಪ್ಪಾತು ಮಲ್ಲಾರಿ, ಹಂಗ ಅನಬಾರದಿತ್ತು” ಎಂದ.

“ಅಂದದ್ದು ಓಣ್ಯಾಗ ಅಂದೀರಿ, ಅಣ್ಣಾರ” ಎಂದ ಮಲ್ಲಾರಿ. “ತಪ್ಪಾತನ್ನೂದು ನನ್ನ ಮನ್ಯಾಗ ಬಂದು ಅನ್ನಾಕತ್ತೀರಿ.”

ಮೈದುನ ಕತ್ತಿ ಮಡಚಿಕೊಂಡು ಎದ್ದ. ರವಿವಾರ ಕಟ್ಟೆಗೆ ಬಾ ಎಂದಷ್ಟೇ ಹೇಳಿ ಬಂದ. ಆ ವಾರವೆಲ್ಲ ಅವನು ಯಾರನ್ನೂ ಬೈಯಲಿಲ್ಲ, ಗಿರಾಕಿಗಳಿಗೇ ಅನುಮಾನ ಬಂತು.

ರವಿವಾರ ಮಲ್ಲಾರಿ ಬಂದ. ಆ ಮಾತು ಕೇಳಿದಂದಿನಿಂದ ತನ್ನ ಗಡ್ಡಕ್ಕೂ ಕತ್ತಿ ಮುಟ್ಟಿಸದೆ ಅವನ ಕೆನ್ನೆಯಲ್ಲಿ ಒಂದು ತಿಂಗಳ ಬಿಳಿ ಗಡ್ಡ ಬೆಳೆದಿತ್ತು. ಮೈದುನ ಅದನ್ನೇ ನೋಡುತ್ತ ನಿಂತ. ಆಮೇಲೆ ಮಲ್ಲಾರಿಯ ಭುಜ ಹಿಡಿದು, ಇಪ್ಪತ್ತು ವರ್ಷ ತಾನು ಕೂರುತ್ತಿದ್ದ ಮಣೆಯ ಮೇಲೆ ಅವನನ್ನು ಕೂರಿಸಿ, ಹೆಗಲಿಗೆ ಪಂಚೆ ಹೊದಿಸಿ, ಕೆನ್ನೆಗೆ ಸಾಬೂನು ಹಚ್ಚಿದ. ನೂಲಿನ ಶೇಟಜಿ ಮಲ್ಲಾರಿಯ ಗಡ್ಡ ಮಾಡುತ್ತಿದ್ದಾನೆ ಎಂದು ಬಾಗಿಲು ಬಾಗಿಲಿಗೂ ಜನ ಬಂದು ನಿಂತರು. ರಾಜಮತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಮೂರನೆಯ ಎಳೆತಕ್ಕೆ ಕತ್ತಿ ತಾಗಿ ರಕ್ತ ಬಂತು. ಮೈದುನನ ಕೈ ಅಲ್ಲೇ ನಿಂತಿತು. ಮಲ್ಲಾರಿ ಏನು ಬೇಕಾದರೂ ಅನ್ನಬಹುದಿತ್ತು, ಓಣಿಯೂ ಅದಕ್ಕೇ ಕಾದಿತ್ತು. ಅವನು ಕಣ್ಣು ಸಹ ತೆರೆಯಲಿಲ್ಲ.

“ಏನೂ ಆಗಿಲ್ರಿ, ಅಣ್ಣಾರ” ಎಂದ, ಎಲ್ಲರಿಗೂ ಕೇಳುವಂತೆ. “ಚಲೋ ಕೈ ಐತಿ ನಿಮ್ದು. ನಡೀಲಿ.”

ಮೈದುನ ಕತ್ತಿ ಕೆಳಗಿಟ್ಟ. ಸಾಬೂನು ಮೆತ್ತಿದ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ತಪ್ಪಾತು ಮಲ್ಲಾರಿ” ಎಂದ. ಅದು ಓಣಿಯ ಕೊನೆಯ ಮನೆಯವರಿಗೂ ಕೇಳಿಸಿತು.